ಬೆಂಗಳೂರಿನ ತಾರಸಿಯಿಂದ ಜೋಡಿ ನಕ್ಷತ್ರಗಳನ್ನು ಬಿಡಿಸಿ ನೋಡುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಬರಿಗಣ್ಣಿಗೆ ಒಂದೇ ಆಗಿ ಕಂಡು, ಟೆಲಿಸ್ಕೋಪಿನಲ್ಲಿ ಎರಡಾಗಿ ಬಿಡುವುದೇ ಜೋಡಿ ನಕ್ಷತ್ರ. ಸಪ್ತರ್ಷಿ ಮಂಡಲದ ವಸಿಷ್ಠದತ್ತ ಟೆಲಿಸ್ಕೋಪ್ ತಿರುಗಿಸಿ, ಪಕ್ಕದಲ್ಲಿ ಅರುಂಧತಿ ಕಂಡ ಕೂಡಲೇ "ಜೋಡಿ ಸಿಕ್ಕಿತು" ಎಂದು ಎದ್ದುಬಿಡುವವರು ಬಹಳ. ಇನ್ನು ಕೆಲವರು ಮೊದಲ ರಾತ್ರಿಯೇ ಅತಿ ಹೆಚ್ಚು ವರ್ಧನೆಯ ಐಪೀಸ್ (ಕಣ್ಣಿಡುವ ಕಡೆಯ ಲೆನ್ಸ್) ಹಾಕಿ, ಕುದಿಯುವ ಬೆಳಕಿನ ಉಂಡೆಯೊಂದನ್ನು ನೋಡಿ, ಲೆನ್ಸೇ ಸರಿಯಿಲ್ಲವೆಂದು ಟೆಲಿಸ್ಕೋಪನ್ನು ಪೆಟ್ಟಿಗೆಗೆ ಸೇರಿಸುತ್ತಾರೆ. ಬಹುಪಾಲು ಸಲ ಲೆನ್ಸಿನಲ್ಲಿ ದೋಷವಿರುವುದಿಲ್ಲ. ಏನು ಕಾಣಬೇಕು, ಎಷ್ಟು ದೂರದಲ್ಲಿ, ಯಾವ ದಿಕ್ಕಿನಲ್ಲಿ ಕಾಣಬೇಕು ಎಂಬುದು ಗೊತ್ತಿಲ್ಲದೆ ಕಣ್ಣಿಟ್ಟಿರುತ್ತಾರೆ. ಆದ್ದರಿಂದ ಕೆಳಗಿನ ಹಂತಗಳನ್ನು ಬರೆದ ಕ್ರಮದಲ್ಲೇ ಮಾಡಿ.

ಊರಿನ ಬೆಳಕಿನ ಚಿಂತೆ ಬೇಡ. ನೀಹಾರಿಕೆ, ಗೆಲಾಕ್ಸಿಗಳನ್ನು ಬೆಂಗಳೂರಿನ ಆಕಾಶ ನುಂಗಿಹಾಕುತ್ತದೆ. ಆದರೆ ಇಲ್ಲಿ ಹೇಳುವ ಜೋಡಿಗಳಲ್ಲಿ ಹೆಚ್ಚಿನವನ್ನು ಜಯನಗರದ ಮನೆಯ ಮೇಲಿಂದ, ಬೆಳದಿಂಗಳಿದ್ದರೂ ನೋಡಬಹುದು. ನಮಗೆ ಅಡ್ಡ ಬರುವುದು ಅಲುಗಾಡುವ ಗಾಳಿ ಮತ್ತು ಅಲುಗಾಡುವ ಸ್ಟ್ಯಾಂಡ್.

## ಬೇಕಾದ ಸಾಮಾನು

60ರಿಂದ 150 ಮಿ.ಮೀ. ವ್ಯಾಸದ ಯಾವ ಟೆಲಿಸ್ಕೋಪ್ ಆದರೂ ಸಾಕು. ಮುಂದಿನ ಲೆಕ್ಕಗಳಿಗೆ ಹೆಚ್ಚಿನವರ ಮನೆಯಲ್ಲಿರುವ 70 ಮಿ.ಮೀ. ವ್ಯಾಸ, 700 ಮಿ.ಮೀ. ನಾಭಿದೂರದ ಲೆನ್ಸ್ ಟೆಲಿಸ್ಕೋಪನ್ನೇ ಹಿಡಿದಿದ್ದೇವೆ. ನಾಭಿದೂರವನ್ನು ಐಪೀಸ್ ಮೇಲಿನ ಸಂಖ್ಯೆಯಿಂದ ಭಾಗಿಸಿದರೆ ವರ್ಧನೆ ಸಿಗುತ್ತದೆ: 25 ಮಿ.ಮೀ. ಐಪೀಸಿಗೆ 28 ಪಟ್ಟು, 10ಕ್ಕೆ 70 ಪಟ್ಟು, 6ಕ್ಕೆ ಸುಮಾರು 117 ಪಟ್ಟು. ಈ ಮೂರು ಇದ್ದರೆ ಬೇರೇನೂ ಬೇಡ.

ಪೆಟ್ಟಿಗೆಯ ಮೇಲೆ "525 ಪಟ್ಟು" ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರಬಹುದು. ಅದು 4 ಮಿ.ಮೀ. ಐಪೀಸಿಗೆ 3 ಪಟ್ಟಿನ ಬಾರ್ಲೋ (ವರ್ಧನೆ ಹೆಚ್ಚಿಸಲು ಐಪೀಸಿಗೆ ಜೋಡಿಸುವ ಲೆನ್ಸ್) ಸೇರಿಸಿ ಬಂದ ಸಂಖ್ಯೆ. ಆ ಬಾರ್ಲೋವನ್ನು ಎತ್ತಿಡಿ. ವ್ಯಾಸ ಎಷ್ಟು ಮಿಲಿಮೀಟರೋ ಅದರ ಎರಡರಷ್ಟು ವರ್ಧನೆಯೇ ಮೇಲಿನ ಮಿತಿ; ಊರಿನ ತಾರಸಿಯಲ್ಲಿ ಒಂದೂವರೆಯಷ್ಟು ಸಿಕ್ಕರೆ ಅದೇ ಒಳ್ಳೆಯ ರಾತ್ರಿ.

ಇವುಗಳ ಜತೆಗೆ ಕೂರಲು ಸ್ಟೂಲು, ಕೆಂಪು ಜೆಲಾಟಿನ್ ಹಾಳೆ ಸುತ್ತಿದ ಟಾರ್ಚು, ಸೆಕೆಂಡ್ ಮುಳ್ಳಿನ ಗಡಿಯಾರ, ಪುಸ್ತಕ, ಪೆನ್ಸಿಲ್, ಸ್ಟ್ಯಾಂಡಿನ ಮೂರು ಕಾಲಿನಡಿ ಇಡಲು ತೆಂಗಿನ ನಾರಿನ ಮ್ಯಾಟಿನ ತುಂಡು ಅಥವಾ ನಾಲ್ಕು ಮಡಿಕೆಯ ಗೋಣಿಚೀಲ ಬೇಕು. ಸ್ಟೂಲನ್ನು ಮರೆಯಬೇಡಿ. ಬಗ್ಗಿ ನಿಂತವರ ತಲೆ ಸದಾ ಆಡುತ್ತಿರುತ್ತದೆ; ಕೂತು ನೋಡಿದರೆ ಅದೇ ಟೆಲಿಸ್ಕೋಪಿನಲ್ಲಿ ಇನ್ನಷ್ಟು ಬಿಗಿಯಾದ ಜೋಡಿ ಬಿಡುತ್ತದೆ.

## ಹಂತ 1: ಮೂರು ಸಂಖ್ಯೆ ಬರೆದುಕೊಂಡೇ ಮೇಲೆ ಹತ್ತಿ

ನೋಡಬೇಕೆಂದಿರುವ ಜೋಡಿಯ ಬಗ್ಗೆ ಮೂರು ವಿಷಯ ಪುಸ್ತಕದಲ್ಲಿರಲಿ.

ಮೊದಲನೆಯದು ಎರಡು ನಕ್ಷತ್ರಗಳ ನಡುವಿನ ಅಂತರ. ಇದನ್ನು ಆರ್ಕ್‌ಸೆಕೆಂಡಿನಲ್ಲಿ ಹೇಳುತ್ತಾರೆ. ಒಂದು ಡಿಗ್ರಿಗೆ 3600 ಆರ್ಕ್‌ಸೆಕೆಂಡ್. ಹುಣ್ಣಿಮೆ ಚಂದ್ರನ ಅಗಲ ಸುಮಾರು 1800. ನಿಮ್ಮ ಟೆಲಿಸ್ಕೋಪ್ ಬಿಡಿಸಬಲ್ಲ ಅತಿ ಕಡಿಮೆ ಅಂತರ ತಿಳಿಯಲು 116ನ್ನು ಮಿಲಿಮೀಟರ್ ವ್ಯಾಸದಿಂದ ಭಾಗಿಸಿ. 70 ಮಿ.ಮೀ.ಗೆ ಸುಮಾರು 1.7, 130 ಮಿ.ಮೀ.ಗೆ 0.9 ಬರುತ್ತದೆ. ಈ ಲೆಕ್ಕ ಸಮಾನ ಬೆಳಕಿನ ಜೋಡಿಗೆ, ನಿಶ್ಚಲ ಗಾಳಿಗೆ ಮಾತ್ರ ಸರಿ. ಆರಂಭದಲ್ಲಿ ಅದರ ಮೂರರಷ್ಟಕ್ಕಿಂತ ಕಡಿಮೆ ಅಂತರದ ಜೋಡಿಗೆ ಕೈಹಾಕಬೇಡಿ.

ಎರಡನೆಯದು ಎರಡರ ಕಾಂತಿಮಾನ, ಅಂದರೆ ಬೆಳಕಿನ ಅಳತೆ. ಸಂಖ್ಯೆ ಹೆಚ್ಚಿದಷ್ಟೂ ನಕ್ಷತ್ರ ಮಂದ. ಎರಡರ ನಡುವೆ 3ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ದೊಡ್ಡದರ ಪ್ರಭೆ ಚಿಕ್ಕದನ್ನು ಮುಚ್ಚುತ್ತದೆ. ಲುಬ್ಧಕದ ಸಂಗಾತಿ (ಜೋಡಿಯಲ್ಲಿ ಮಂದವಾದದ್ದು) ಸುಮಾರು 11 ಆರ್ಕ್‌ಸೆಕೆಂಡ್ ದೂರದಲ್ಲಿದ್ದರೂ ಅನುಭವಿಗಳಿಗೇ ಕಷ್ಟವಾಗುವುದು ಇದರಿಂದ. ಅಲ್ಲಿ ವ್ಯತ್ಯಾಸ ಹತ್ತಿರ ಹತ್ತಿರ 10.

ಮೂರನೆಯದು ಸ್ಥಾನಕೋನ, ಅಂದರೆ ಮುಖ್ಯ ನಕ್ಷತ್ರದಿಂದ ಸಂಗಾತಿ ಯಾವ ದಿಕ್ಕಿಗಿದೆ ಎಂಬುದು. ಉತ್ತರ 0, ಪೂರ್ವ 90, ದಕ್ಷಿಣ 180, ಪಶ್ಚಿಮ 270 ಡಿಗ್ರಿ.

ಪಟ್ಟಿ ಯಾವ ವರ್ಷದ್ದೆಂದು ನೋಡಿಕೊಳ್ಳಿ. ಕೆಲವು ಜೋಡಿಗಳು ನಮ್ಮ ಆಯಸ್ಸಿನಲ್ಲೇ ಜಾಗ ಬದಲಿಸುತ್ತವೆ. ಕನ್ಯಾ ರಾಶಿಯ ಪೊರಿಮಾ 2005ರಲ್ಲಿ ಅರ್ಧ ಆರ್ಕ್‌ಸೆಕೆಂಡಿಗಿಂತ ಹತ್ತಿರಕ್ಕೆ ಬಂದು ಸಣ್ಣ ಟೆಲಿಸ್ಕೋಪಿಗೆ ಒಂದೇ ಆಗಿಬಿಟ್ಟಿತ್ತು. ಈಗ ಮತ್ತೆ 3 ದಾಟಿದೆ. ಮಿಥುನದ ಕ್ಯಾಸ್ಟರ್ 1960ರ ದಶಕದ ಕೊನೆಯಲ್ಲಿ ಸುಮಾರು 2 ಇದ್ದದ್ದು ಈಗ 5.5ರ ಹತ್ತಿರವಿದೆ. ಹಳೆಯ ಪುಸ್ತಕದ ಸಂಖ್ಯೆ ನಂಬಿ ಹೊರಟವರು ಸುಲಭದ್ದನ್ನು ಬಿಟ್ಟು ಕಷ್ಟದ್ದಕ್ಕೆ ಹೋಗುತ್ತಾರೆ.

## ಹಂತ 2: ಜಾಗ, ಹೊತ್ತು, ಗಾಳಿ

ಬೆಂಗಳೂರಿನಲ್ಲಿ ಹೆಚ್ಚಿನವರು ಸೋಲುವುದು ಇಲ್ಲೇ.

ತಾರಸಿಯ ಕಾಂಕ್ರೀಟು ಹಗಲೆಲ್ಲ ಹೀರಿದ ಬಿಸಿಯನ್ನು ಕತ್ತಲಾದ ಮೇಲೂ ಗಂಟೆಗಟ್ಟಲೆ ಬಿಡುತ್ತಿರುತ್ತದೆ. ಬರಿಗಾಲಲ್ಲಿ ನಿಂತು ನೋಡಿ. ಅಂಗಾಲಿಗೆ ನೆಲ ಬೆಚ್ಚಗಿದ್ದರೆ ಟೆಲಿಸ್ಕೋಪಿನ ಮುಂದಿನ ಗಾಳಿ ಇನ್ನೂ ಕುದಿಯುತ್ತಿದೆ ಎಂದರ್ಥ. ಮಾರ್ಚ್, ಏಪ್ರಿಲಿನಲ್ಲಿ ರಾತ್ರಿ 10ರ ತನಕ ಬಿಗಿ ಜೋಡಿಗಳ ಗೋಜು ಬೇಡ. ಮಣ್ಣಿನ ಅಂಗಳವೋ ಹುಲ್ಲಿರುವ ಜಾಗವೋ ಇದ್ದರೆ ತಾರಸಿಗಿಂತ ಅದೇ ವಾಸಿ, ಆಕಾಶ ಸ್ವಲ್ಪ ಕಡಿಮೆ ಕಂಡರೂ ಸರಿ.

ಟೆಲಿಸ್ಕೋಪ್ ನೋಡುವ ದಾರಿಯಲ್ಲಿ ಪಕ್ಕದ ಮನೆಯ ಸೋಲಾರ್ ಹೀಟರ್ ಟ್ಯಾಂಕು, ಏಸಿಯ ಹೊರಗಿನ ಪೆಟ್ಟಿಗೆ, ಹೋಟೆಲಿನ ಚಿಮಣಿ ಬರದಂತೆ ನಿಲ್ಲಿ. ಕಿಟಕಿಯೊಳಗಿಂದ ನೋಡಲೇಬೇಡಿ, ಒಳಗಿನ ಬಿಸಿಗಾಳಿ ಹೊರಗಿನ ತಂಪಿಗೆ ಬೆರೆಯುವ ಜಾಗವೇ ಅದು. ಅಪಾರ್ಟ್‌ಮೆಂಟ್ ಆದರೆ ಲಿಫ್ಟಿನ ಮೋಟಾರ್ ಕೋಣೆಯಿಂದ ದೂರ ಇರಿ: ಲಿಫ್ಟ್ ಓಡಿದಾಗಲೆಲ್ಲ ನಕ್ಷತ್ರ ನಡುಗುತ್ತದೆ.

ನಕ್ಷತ್ರ ದಿಗಂತದಿಂದ 40 ಡಿಗ್ರಿಗಿಂತ ಮೇಲಿರಲಿ. ಕೈ ಚಾಚಿ ಹಿಡಿದ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ, ಹಾಗಾಗಿ ನಾಲ್ಕು ಮುಷ್ಟಿ. ಬೆಂಗಳೂರು 13 ಡಿಗ್ರಿ ಅಕ್ಷಾಂಶದಲ್ಲಿರುವುದರಿಂದ ಧ್ರುವ ನಕ್ಷತ್ರ ನಮಗೆ ಒಂದೂಕಾಲು ಮುಷ್ಟಿ ಎತ್ತರದಲ್ಲಷ್ಟೇ ಇರುತ್ತದೆ. ಉತ್ತರ ದೇಶಗಳ ಪುಸ್ತಕಗಳು ಸುಲಭವೆಂದು ಹೇಳುವ ಧ್ರುವದ ಜೋಡಿ ಇಲ್ಲಿ ಸುಲಭವಲ್ಲ.

ಗಾಳಿಯನ್ನು ಪರೀಕ್ಷಿಸಲು ನೆತ್ತಿಯ ಹತ್ತಿರದ ಪ್ರಕಾಶದ ನಕ್ಷತ್ರವನ್ನು ಬರಿಗಣ್ಣಲ್ಲಿ ನೋಡಿ. ಅಲ್ಲಿಯೂ ಬಣ್ಣ ಬದಲಿಸುತ್ತ ಮಿಣಮಿಣ ಎನ್ನುತ್ತಿದ್ದರೆ ಆ ರಾತ್ರಿ 10 ಆರ್ಕ್‌ಸೆಕೆಂಡಿಗಿಂತ ಅಗಲದ ಜೋಡಿಗಳಿಗೆ ತೃಪ್ತಿಪಡಿ. ಮಳೆ ಬಂದು ತೊಳೆದಿಟ್ಟಂತೆ ಹೊಳೆಯುವ ಆಕಾಶ ಎಷ್ಟೋ ಸಲ ಮೋಸ ಮಾಡುತ್ತದೆ. ತುಸು ಮಸುಕಾಗಿ, ಎಲೆ ಅಲುಗದೆ, ಹೊಗೆ ನೇರ ಮೇಲೆ ಹೋಗುವ ರಾತ್ರಿಯೇ ಜೋಡಿ ನೋಡುವವರ ರಾತ್ರಿ.

## ಹಂತ 3: ಟೆಲಿಸ್ಕೋಪನ್ನು ತಣಿಸಿ, ಸ್ಟ್ಯಾಂಡನ್ನು ಗಟ್ಟಿ ಮಾಡಿ

ಮನೆಯೊಳಗಿಂದ ತಂದ ಟೆಲಿಸ್ಕೋಪ್ ಹೊರಗಿನ ತಂಪಿಗೆ ಹೊಂದಿಕೊಳ್ಳಬೇಕು. ಲೆನ್ಸಿನದಾದರೆ ಅರ್ಧ ಗಂಟೆ, ಕನ್ನಡಿಯದಾದರೆ ಮುಕ್ಕಾಲರಿಂದ ಒಂದು ಗಂಟೆ ಹೊರಗಿಡಿ.

ಸ್ಟ್ಯಾಂಡಿನ ಕಾಲುಗಳನ್ನು ಪೂರ್ತಿ ಎಳೆಯಬೇಡಿ. ಗಿಡ್ಡವಿದ್ದಷ್ಟೂ ಗಟ್ಟಿ. ಮೂರು ಕಾಲಿನ ನಡುವಿನ ತಟ್ಟೆಗೆ ಎರಡು ಲೀಟರಿನ ನೀರು ತುಂಬಿದ ಬಾಟಲಿ ಕಟ್ಟಿ ತೂಗುಬಿಡಿ. ಈಗ ನಕ್ಷತ್ರವೊಂದನ್ನು 70 ಪಟ್ಟಿನಲ್ಲಿ ಹಿಡಿದು, ಕೊಳವೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ, ಅಲುಗಾಟ ನಿಲ್ಲಲು ಎಷ್ಟು ಸೆಕೆಂಡ್ ಬೇಕೆಂದು ಎಣಿಸಿ. ಎರಡು ಸೆಕೆಂಡಾದರೆ ಸರಿ. ನಾಲ್ಕೈದು ಆದರೆ ಯಾವುದೋ ಸ್ಕ್ರೂ ಸಡಿಲವಿದೆ ಅಥವಾ ಕಾಲಿನಡಿ ಮ್ಯಾಟ್ ಇಲ್ಲ. ಇದನ್ನು ಸರಿಪಡಿಸದೆ ಮುಂದಕ್ಕೆ ಹೋಗಬೇಡಿ, ಏಕೆಂದರೆ ಫೋಕಸ್ ತಿರುಗಿಸಿದಾಗಲೆಲ್ಲ ಅಷ್ಟು ಹೊತ್ತು ಏನೂ ಕಾಣುವುದಿಲ್ಲ.

ಫೈಂಡರನ್ನು (ಗುರಿ ಹಿಡಿಯಲು ಕೊಳವೆಯ ಮೇಲಿರುವ ಸಣ್ಣ ದುರ್ಬೀನು) ಹೊಂದಿಸಲು ಸಂಜೆ ಬೆಳಕಿರುವಾಗಲೇ ಒಂದು ಕಿಲೋಮೀಟರಾದರೂ ದೂರದ ಮೊಬೈಲ್ ಟವರಿನ ತುದಿಯನ್ನು ಬಳಸಿ. ಸೂರ್ಯ ಮುಳುಗಿದ ಮೇಲೆಯೇ ಮಾಡಿ. ಸೂರ್ಯನಿರುವ ಕಡೆಗೆ ಟೆಲಿಸ್ಕೋಪಾಗಲಿ ಫೈಂಡರಾಗಲಿ ತಿರುಗಿದರೆ ಕ್ಷಣದಲ್ಲಿ ಕಣ್ಣು ಹೋಗುತ್ತದೆ.

ಕನ್ನಡಿ ಟೆಲಿಸ್ಕೋಪಿನವರಿಗೆ ಇನ್ನೊಂದು ಕೆಲಸವಿದೆ. ಪ್ರಕಾಶದ ನಕ್ಷತ್ರವೊಂದನ್ನು ನಡುವೆ ಹಿಡಿದು ಫೋಕಸನ್ನು ಬೇಕೆಂದೇ ಕೆಡಿಸಿ. ಕಾಣುವ ಬಳೆಗಳ ನಡುವಿನ ಕಪ್ಪು ಚುಕ್ಕೆ ಒಂದು ಪಕ್ಕಕ್ಕೆ ಸರಿದಿದ್ದರೆ ಕನ್ನಡಿಗಳು ಓರೆಯಾಗಿವೆ. ಆ ಸ್ಥಿತಿಯಲ್ಲಿ ಪ್ರತಿ ನಕ್ಷತ್ರಕ್ಕೂ ಬಾಲ ಬರುತ್ತದೆ, ಬಾಲದೊಳಗೆ ಸಂಗಾತಿ ಅಡಗುತ್ತದೆ.

## ಹಂತ 4: ಮೊದಲ ಜೋಡಿ, ವಸಿಷ್ಠ

ಮೇ ತಿಂಗಳ ನಡುವೆ ರಾತ್ರಿ 10ಕ್ಕೆ ಉತ್ತರಕ್ಕೆ ಮುಖ ಮಾಡಿ. ಸಪ್ತರ್ಷಿಯ ಬಾಲದ ಮೂರು ನಕ್ಷತ್ರಗಳಲ್ಲಿ ನಡುವಿನದು ವಸಿಷ್ಠ. ಹತ್ತಿರ ಹತ್ತಿರ ಐದು ಮುಷ್ಟಿ ಎತ್ತರದಲ್ಲಿರುತ್ತದೆ.

25 ಮಿ.ಮೀ. ಐಪೀಸಿನಲ್ಲಿ ನೋಡಿದಾಗ ಹೊಳೆಯುವ ವಸಿಷ್ಠ, ಅದರಿಂದ ಸಾಕಷ್ಟು ದೂರದಲ್ಲಿ ಅರುಂಧತಿ, ಇವೆರಡರ ಜತೆ ಚಪ್ಪಟೆ ತ್ರಿಕೋನ ಮಾಡಿಕೊಂಡು 8ನೇ ಕಾಂತಿಮಾನದ ಹತ್ತಿರದ ಮಂದ ನಕ್ಷತ್ರವೊಂದು ಕಾಣುತ್ತವೆ. ನಾವು ಹುಡುಕುತ್ತಿರುವುದು ಈ ತ್ರಿಕೋನವನ್ನಲ್ಲ. ಅರುಂಧತಿ ವಸಿಷ್ಠದಿಂದ ಸುಮಾರು 700 ಆರ್ಕ್‌ಸೆಕೆಂಡ್ ದೂರ. ವಸಿಷ್ಠದ ಟೆಲಿಸ್ಕೋಪ್ ಸಂಗಾತಿ ಇರುವುದು 14 ಆರ್ಕ್‌ಸೆಕೆಂಡಿನಲ್ಲಿ, ಅಂದರೆ ಅರುಂಧತಿಯವರೆಗಿನ ದೂರದ 50ರಲ್ಲಿ ಒಂದು ಪಾಲು. ಮದುವೆಯಲ್ಲಿ ಅರುಂಧತಿಯನ್ನು ತೋರಿಸಿಕೊಂಡವರು ಕೂಡ ಈ ಸಂಗಾತಿಯನ್ನು ಕಂಡಿರಲಾರರು. ಅದು ಬರಿಗಣ್ಣಿಗೆ ಬಿಡುವುದೇ ಇಲ್ಲ.

ಅರುಂಧತಿಯನ್ನು ಬಿಟ್ಟು ವಸಿಷ್ಠವನ್ನೇ ದಿಟ್ಟಿಸಿ. 28 ಪಟ್ಟಿನಲ್ಲೇ, ಫೋಕಸ್ ಸರಿಯಿದ್ದರೆ, ದೊಡ್ಡದಕ್ಕೆ ಅಂಟಿದಂತೆ ಒಂದು ಚಿಕ್ಕ ಚುಕ್ಕೆ ಇರುತ್ತದೆ. ಫೋಕಸ್ ಗುಂಡಿಯನ್ನು ಸರಿಯಾದ ಜಾಗ ದಾಟಿಸಿ, ಮತ್ತೆ ಹಿಂದಕ್ಕೆ ತಂದು, ನಕ್ಷತ್ರ ಅತಿ ಚಿಕ್ಕದಾಗುವಲ್ಲಿ ನಿಲ್ಲಿಸಿ. ಇದನ್ನು ಮೂರು ನಾಲ್ಕು ಸಲ ಮಾಡಿ. ಒಂದೇ ಸಲಕ್ಕೆ ಫೋಕಸ್ ಸಿಕ್ಕಿತೆಂದುಕೊಳ್ಳುವವರು ಮುಂದೆ ಕ್ಯಾಸ್ಟರ್ ಹತ್ತಿರ ಸೋಲುತ್ತಾರೆ.

ಆಮೇಲೆ 10 ಮಿ.ಮೀ. ಹಾಕಿ. ಈಗ ಎರಡರ ನಡುವೆ ಕಪ್ಪು ಆಕಾಶ ನಿಚ್ಚಳವಾಗಿ ಕಾಣಬೇಕು. ಮುಖ್ಯದ್ದರ ಕಾಂತಿಮಾನ 2.2, ಸಂಗಾತಿಯದು 3.9.

## ಹಂತ 5: ವರ್ಧನೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ

ಎಷ್ಟು ವರ್ಧನೆ ಬೇಕೆನ್ನಲು ಒಂದು ಕೈಲೆಕ್ಕ: 250ನ್ನು ಅಂತರದಿಂದ ಭಾಗಿಸಿ. ಅದು ಕನಿಷ್ಠ, ಅದರ ಎರಡರಷ್ಟಿದ್ದರೆ ಆರಾಮ. ಕ್ಯಾಸ್ಟರಿಗೆ 250 ಭಾಗ 5.5, ಅಂದರೆ ಕನಿಷ್ಠ 45 ಪಟ್ಟು, ಆರಾಮಕ್ಕೆ 90. ಹಾಗಾಗಿ ಅದಕ್ಕೆ ಮೊದಲು 10 ಮಿ.ಮೀ., ಆಮೇಲೆ 6 ಮಿ.ಮೀ.

ಪ್ರತಿ ಸಲ ಐಪೀಸ್ ಬದಲಿಸುವ ಮುನ್ನ ನಕ್ಷತ್ರ ನಟ್ಟನಡುವೆ ಇರಲಿ, ಬದಲಿಸಿದ ಮೇಲೆ ಫೋಕಸ್ ಮತ್ತೆ ಮಾಡಿ. ಮೋಟಾರ್ ಇಲ್ಲದ ಸ್ಟ್ಯಾಂಡಿನಲ್ಲಿ 117 ಪಟ್ಟಿಗೆ ಸಾಧಾರಣ ಐಪೀಸಿನ ನೋಟವನ್ನು ದಾಟಲು ಆಕಾಶದ ಮಧ್ಯರೇಖೆಯ (ಭೂಮಧ್ಯರೇಖೆಯ ನೇರ ಮೇಲಿನ) ನಕ್ಷತ್ರಕ್ಕೆ ಸುಮಾರು 1 ನಿಮಿಷ 40 ಸೆಕೆಂಡ್ ಸಾಕು. ಉತ್ತರದಲ್ಲಿರುವ ವಸಿಷ್ಠಕ್ಕೆ 3 ನಿಮಿಷ. ಆದ್ದರಿಂದ ನಕ್ಷತ್ರವನ್ನು ಪೂರ್ವದ ಅಂಚಿನಲ್ಲಿ ಬಿಟ್ಟು, ಕೈ ತೆಗೆದು, ಅದು ತಾನಾಗಿ ನಡುವಿಗೆ ತೇಲಿ ಬರುವಾಗ ನೋಡಿ. ಮುಟ್ಟುತ್ತ ನೋಡಿದರೆ ನೋಡಿದಂತಾಗುವುದಿಲ್ಲ.

ಏರಿಸಿದಾಗ ನಕ್ಷತ್ರ ದೊಡ್ಡದಾಗಿ ಮಸುಕಾಯಿತೇ? ಒಂದು ಮೆಟ್ಟಿಲು ಇಳಿಯಿರಿ. ಗಾಳಿ ಕದಡಿದ ರಾತ್ರಿಯಲ್ಲೂ ನಡುನಡುವೆ ಒಂದೆರಡು ಸೆಕೆಂಡ್ ಎಲ್ಲ ಸ್ತಬ್ಧವಾಗುತ್ತದೆ. ಆ ಕ್ಷಣಕ್ಕಾಗಿ ಒಂದೇ ಜೋಡಿಯ ಮುಂದೆ ಹತ್ತು ನಿಮಿಷ ಕೂರಬೇಕು.

ಕನ್ನಡಕ ಹಾಕುವವರು 70 ಪಟ್ಟಿನಿಂದ ಮೇಲೆ ಅದನ್ನು ತೆಗೆದಿಡಬಹುದು. ಅಷ್ಟರಲ್ಲಿ ಕಣ್ಣಿಗೆ ಬರುವ ಬೆಳಕಿನ ಕಟ್ಟು ಒಂದು ಮಿಲಿಮೀಟರಿಗೆ ಇಳಿದಿರುತ್ತದೆ, ಕಣ್ಣಿನ ವಕ್ರತೆ ಅಷ್ಟಾಗಿ ಕಾಡುವುದಿಲ್ಲ.

## ಹಂತ 6: ದಿಕ್ಕು ಹಿಡಿಯಿರಿ

ಕಂಡದ್ದು ನಿಜವಾದ ಸಂಗಾತಿಯೇ ಎಂದು ಹೇಳುವುದು ದಿಕ್ಕು. ಕನ್ನಡಿ ಟೆಲಿಸ್ಕೋಪಿನಲ್ಲಿ ಚಿತ್ರ ತಲೆಕೆಳಗು, ಡಯಾಗೊನಲ್ (ಬೆಳಕನ್ನು ಓರೆಯಾಗಿ ಐಪೀಸಿಗೆ ತಿರುಗಿಸುವ ಭಾಗ) ಹಾಕಿದ ಲೆನ್ಸ್ ಟೆಲಿಸ್ಕೋಪಿನಲ್ಲಿ ಎಡಬಲ ಅದಲುಬದಲು. ಇದನ್ನೆಲ್ಲ ನೆನಪಿಡುವ ಬದಲು ಆಕಾಶವನ್ನೇ ಕೇಳಿ.

1. ಟೆಲಿಸ್ಕೋಪನ್ನು ಮುಟ್ಟದೆ ಬಿಡಿ. ನಕ್ಷತ್ರ ಯಾವ ಅಂಚಿನಿಂದ ಹೊರಹೋಗುತ್ತದೋ ಅದು ಪಶ್ಚಿಮ, ಎದುರಿನದು ಪೂರ್ವ.

2. ಕೊಳವೆಯನ್ನು ಕೂದಲೆಳೆಯಷ್ಟು ಧ್ರುವದ ಕಡೆಗೆ ನೂಕಿ. ಹೊಸ ನಕ್ಷತ್ರಗಳು ಯಾವ ಅಂಚಿನಿಂದ ಒಳಬರುತ್ತವೋ ಅದು ಉತ್ತರ.

3. ಪುಸ್ತಕದಲ್ಲಿ ವೃತ್ತ ಬರೆದು ಎರಡನ್ನೂ ಗುರುತಿಸಿ, ಸಂಗಾತಿಯನ್ನು ಚುಕ್ಕೆಯಿಡಿ. ಕೋನವನ್ನು ಉತ್ತರದಿಂದ ಪೂರ್ವದ ಕಡೆಗೆ ಅಂದಾಜು ಮಾಡಿ.

ಇದನ್ನು ಕಲಿಯಲು ಅಶ್ವಿನಿ ನಕ್ಷತ್ರದ ಮೆಸಾರ್ಥಿಮ್‌ಗಿಂತ ಒಳ್ಳೆಯದು ಬೇರೆಯಿಲ್ಲ. ಮೇಷ ರಾಶಿಯ ತುದಿಯ ಮೂರರಲ್ಲಿ ಅತಿ ಮಂದವಾದದ್ದು ಅದು. ಜನವರಿ ಆರಂಭದಲ್ಲಿ ರಾತ್ರಿ 8ಕ್ಕೆ ನೆತ್ತಿಯ ಹತ್ತಿರ. ಅಂತರ 7.4, ಎರಡೂ ಹೆಚ್ಚುಕಡಿಮೆ ಒಂದೇ ಬೆಳಕು, ಒಂದು ಉತ್ತರಕ್ಕೆ ಇನ್ನೊಂದು ದಕ್ಷಿಣಕ್ಕೆ. ಸಾಗುವ ದಾರಿಗೆ ಅಡ್ಡಲಾಗಿ, ನೊಗಕ್ಕೆ ಕಟ್ಟಿದ ಜೋಡೆತ್ತಿನಂತೆ ಭುಜಕ್ಕೆ ಭುಜ ಕೊಟ್ಟು ಪಶ್ಚಿಮಕ್ಕೆ ಹೋಗುತ್ತವೆ. ನಿಮಗೆ ಹಿಂದೆ ಮುಂದೆ ಸಾಲಾಗಿ ಹೋದಂತೆ ಕಂಡರೆ ನೀವು ಹಿಡಿದಿರುವುದು ಬೇರೆ ನಕ್ಷತ್ರ.

## ಹಂತ 7: ತಿಂಗಳಿಗೊಂದು ಜೋಡಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರಿನ ಮೋಡ. ಹಾಗಾಗಿ ಪಟ್ಟಿ ನವೆಂಬರಿನಿಂದ ಶುರು. ಅಂತರ ಆರ್ಕ್‌ಸೆಕೆಂಡಿನಲ್ಲಿ, ಕೋನ ಡಿಗ್ರಿಯಲ್ಲಿ.

- ನವೆಂಬರ್, ಸಂಜೆ 7, ಪಶ್ಚಿಮ: ರಾಜಹಂಸದ ಕೊಕ್ಕಿನ ಅಲ್ಬಿರಿಯೋ. ಅಂತರ 34, ಕೋನ 54. ಹೊಂಬಣ್ಣದ್ದೊಂದು, ನೀಲಿಯದೊಂದು. ಬಣ್ಣ ಚೆನ್ನಾಗಿ ಕಾಣುವುದು 28 ಪಟ್ಟಿನಲ್ಲಿ. ಫೋಕಸನ್ನು ಒಂದಿಷ್ಟೇ ಸಡಿಲಿಸಿದರೆ ಇನ್ನೂ ಗಾಢ.

- ಡಿಸೆಂಬರ್: ದೇವಯಾನಿಯ ಅಲ್ಮಾಕ್. ಅಂತರ ಸುಮಾರು 10, ಕೋನ 63. ಅಲ್ಬಿರಿಯೋ ಬಣ್ಣಗಳೇ, ಆದರೆ ಬಿಗಿ ಜೋಡಿ.

- ಜನವರಿ, ಫೆಬ್ರವರಿ: ಮಹಾವ್ಯಾಧನ ರೀಗಲ್. ಅಂತರ 9.5, ಕೋನ 204. ಸುಲಭವೆನಿಸುವ ಅಂತರ, ಆದರೆ 0.1 ಕಾಂತಿಮಾನದ ಪಕ್ಕದಲ್ಲಿ 6.8ರದ್ದು. 100 ಪಟ್ಟಿಗೆ ಮೇಲೆ, ನಿಶ್ಚಲ ಗಾಳಿಯಲ್ಲಿ ಮಾತ್ರ.

- ಫೆಬ್ರವರಿ ನಡುವೆ ರಾತ್ರಿ 10, ಮಾರ್ಚ್ ಕೊನೆಗೆ 8: ಪುನರ್ವಸುವಿನ ಕ್ಯಾಸ್ಟರ್. ಕಾಂತಿಮಾನ 1.9 ಮತ್ತು 3.0. ಸಂಗಾತಿ ಈಶಾನ್ಯಕ್ಕೆ. ಕಾರಿನ ಹೆಡ್‌ಲೈಟುಗಳಂತೆ ಬೆಳ್ಳಗೆ, ಒಂದು ತುಸು ಮಂದ.

- ಏಪ್ರಿಲ್: ಸಿಂಹದಲ್ಲಿ ಮಖಾ ನಕ್ಷತ್ರಕ್ಕೆ ಉತ್ತರದ ಅಲ್ಜೀಬಾ. ಅಂತರ 4.7, ಕೋನ 127. 28 ಪಟ್ಟಿನಲ್ಲಿ ಒಂದೇ, 70ರಲ್ಲಿ ಎರಡು ಹೊಂಬಣ್ಣದ ಹರಳು.

- ಮೇ ಆರಂಭ: ಪೊರಿಮಾ. ಎರಡರ ಕಾಂತಿಮಾನವೂ 3.5. 6 ಮಿ.ಮೀ. ಐಪೀಸ್ ಬೇಕೇ ಬೇಕು. 70 ಮಿ.ಮೀ. ಟೆಲಿಸ್ಕೋಪಿಗೆ ನಿಜವಾದ ಪರೀಕ್ಷೆ.

- ಮೇ ಕೊನೆ, ನಡುರಾತ್ರಿ: ಅನೂರಾಧಾದ ಉತ್ತರ ತುದಿಯ ಅಕ್ರಾಬ್. ಅಂತರ 13.6, ಸಂಗಾತಿ ಉತ್ತರಕ್ಕೆ, ತುಸು ಪೂರ್ವಕ್ಕೆ ವಾಲಿ.

ಇವುಗಳ ಹೊರಗೆ ಒಂದು, ದಕ್ಷಿಣದವರಾದ ನಮ್ಮ ಭಾಗ್ಯ: ಆಲ್ಫಾ ಸೆಂಟೌರಿ. ಮೇ 20ರ ಸುಮಾರಿಗೆ ರಾತ್ರಿ 11ಕ್ಕೆ ನೇರ ದಕ್ಷಿಣದಲ್ಲಿ, ತ್ರಿಶಂಕುವಿನತ್ತ ಬೆರಳು ಮಾಡುವ ಎರಡರಲ್ಲಿ ಎಡಗಡೆಯದು. ಎತ್ತರ 16 ಡಿಗ್ರಿಯಷ್ಟೇ, ಆದ್ದರಿಂದ ದಕ್ಷಿಣ ತೆರೆದಿರುವ ತಾರಸಿ ಬೇಕು. 2016ರ ಸುಮಾರಿಗೆ 4 ಇದ್ದ ಅಂತರ ಈಗ ಅದರ ಎರಡರಷ್ಟಾಗಿದೆ. ನಕ್ಷತ್ರದ ಮೇಲಂಚು ಕೆಳಂಚಿಗೆ ಕೆಂಪು ನೀಲಿ ಗೆರೆ ಕಂಡರೆ ಲೆನ್ಸನ್ನು ದೂರಬೇಡಿ, ಕೆಳಗಿನ ದಪ್ಪ ಗಾಳಿ ಪಟ್ಟಕದಂತೆ ಬೆಳಕನ್ನು ಒಡೆಯುತ್ತದೆ.

## ಎಚ್ಚರಿಕೆಯ ಲಕ್ಷಣಗಳು

ಪ್ರತಿ ನಕ್ಷತ್ರವೂ ಜೋಡಿಯಾಗಿ ಕಾಣುತ್ತಿದೆ. ಐಪೀಸನ್ನು ಹಾಗೇ ತಿರುಗಿಸಿ. ಸಂಗಾತಿಯೂ ತಿರುಗಿದರೆ ದೋಷ ಐಪೀಸಿನದು. ತಲೆ ಓರೆ ಮಾಡಿದಾಗ ತಿರುಗಿದರೆ ಕಣ್ಣಿನದು. ಎರಡಕ್ಕೂ ಜಗ್ಗದಿದ್ದರೆ ಡಯಾಗೊನಲ್ ಅಥವಾ ಕನ್ನಡಿಗಳ ಹೊಂದಾಣಿಕೆ ನೋಡಿ.

ನಕ್ಷತ್ರದ ಸುತ್ತಲಿನ ತೆಳು ಬಳೆಯಲ್ಲಿ ಒಂದು ಜಾಗ ಮಾತ್ರ ಹೊಳೆಯುತ್ತಿದೆ. ಅದು ಸಂಗಾತಿಯೂ ಆಗಿರಬಹುದು, ಬರೀ ಬಳೆಯೂ ಆಗಿರಬಹುದು. ಅಲೆದಾಡುತ್ತಿದ್ದರೆ ಬಳೆ. ಐದು ನಿಮಿಷವಾದರೂ ಅಲ್ಲೇ ನಿಂತಿದ್ದರೆ ದಿಕ್ಕು ಅಳೆಯಿರಿ.

ಚಿತ್ರ ಮೆಲ್ಲಗೆ ಮಸುಕಾಗುತ್ತಿದೆ. ಡಿಸೆಂಬರ್, ಜನವರಿಯ ಇಬ್ಬನಿ. ಲೆನ್ಸಿನ ಮುಂದೆ ಕಪ್ಪು ದಪ್ಪ ಕಾಗದವನ್ನು ಒಂದು ಗೇಣಿನಷ್ಟು ಉದ್ದಕ್ಕೆ ಕೊಳವೆಯಾಗಿ ಸುತ್ತಿ. ಐಪೀಸಿಗೆ ಉಸಿರು ತಾಗಿದ್ದರೆ ಜೇಬಿನ ಬಿಸಿಯಲ್ಲಿ ಸ್ವಲ್ಪ ಹೊತ್ತು ಇಡಿ. ಅಂಗಿಯ ತುದಿಯಿಂದ ಒರೆಸಿದರೆ ಗೀರು ಬೀಳುತ್ತದೆ.

## ಹಂತ 8: ಮೊದಲು ಬರೆಯಿರಿ, ಆಮೇಲೆ ತಾಳೆ ನೋಡಿ

ದಿನಾಂಕ, ಸಮಯ, ಐಪೀಸ್, ಗಾಳಿಯ ಸ್ಥಿತಿ, ಬಣ್ಣ, ನಿಮ್ಮ ಅಂದಾಜಿನ ಕೋನ: ಇಷ್ಟನ್ನು ಅಲ್ಲೇ ಬರೆಯಿರಿ. ವಸಿಷ್ಠದ ಸ್ಥಾನಕೋನವನ್ನು ಮೇಲೆ ಬೇಕೆಂದೇ ಹೇಳಿಲ್ಲ. ನೀವು ಅಂದಾಜು ಬರೆದ ನಂತರ ಮುಂದೆ ಓದಿ.

ವಸಿಷ್ಠದ ಕೋನ 153 ಡಿಗ್ರಿ. ನಿಮ್ಮದು 140ರಿಂದ 165ರೊಳಗಿದ್ದರೆ ಜೋಡಿಯನ್ನು ನೀವು ನಿಜವಾಗಿ ಬಿಡಿಸಿದ್ದೀರಿ. 207ರ ಸುಮಾರಿಗೆ ಬಂದಿದ್ದರೆ ಕೋನವನ್ನು ಪೂರ್ವದ ಬದಲು ಪಶ್ಚಿಮದ ಕಡೆಗೆ ಎಣಿಸಿದ್ದೀರಿ. ಡಯಾಗೊನಲ್ ಇದ್ದಾಗ ಆಗುವ ಸಾಮಾನ್ಯ ತಪ್ಪು ಇದು. 27 ಬಂದಿದ್ದರೆ ಉತ್ತರ ದಕ್ಷಿಣ ಅದಲುಬದಲಾಗಿದೆ, ಕೊಳವೆಯನ್ನು ಧ್ರುವದ ಕಡೆಗೆ ನೂಕುವ ಹೆಜ್ಜೆಯನ್ನು ಮತ್ತೆ ಮಾಡಿ. 333 ಬಂದಿದ್ದರೆ ಎರಡು ದಿಕ್ಕೂ ತಿರುವುಮುರುವಾಗಿವೆ, ಇಲ್ಲವೇ ಸಂಗಾತಿಯನ್ನೇ ಮುಖ್ಯವೆಂದು ಹಿಡಿದು ಅಳೆದಿದ್ದೀರಿ. 70ರ ಸುಮಾರು ಬಂದಿದ್ದರೆ ಮತ್ತೆ ಐಪೀಸಿಗೆ ಕಣ್ಣಿಡಿ: ನೀವು ಅಳೆದದ್ದು ಅರುಂಧತಿಯನ್ನು.